ಬರಗಾಲದ ನೆಲದಲ್ಲಿ ಕಪ್ಪೆಗಳ ಬದುಕು

ಕರ್ನಾಟಕದಲ್ಲಿ ಕಪ್ಪೆಗಳ ವೈವಿಧ್ಯದ ಮಾತು ಬಂದಾಗಲೆಲ್ಲ ಪಶ್ಚಿಮಘಟ್ಟದ ಮಳೆಕಾಡುಗಳ ಹೆಸರೇ ಮೊದಲು ಕೇಳಿಬರುತ್ತದೆ, ಅದಕ್ಕೆ ಕಾರಣವೂ ಇದೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ, ತಾನು ಕಾಯುವ ಮೊಟ್ಟೆಗಳಿಗೆ ಮುಂಗಾಲುಗಳಿಂದ ಹಸಿಮಣ್ಣು ಮೆತ್ತುವ ಗಂಡು ಕಪ್ಪೆಯೊಂದನ್ನು ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿ ಅದಕ್ಕೆ ಕುಂಬಾರ ಕಪ್ಪೆಯೆಂದೇ ಹೆಸರಿಟ್ಟರು. ಅದಕ್ಕೂ ಬಹಳ ಹಿಂದೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತಿದ್ದ ಸಿ. ಆರ್. ನಾರಾಯಣರಾವ್ ಅವರು ದಕ್ಷಿಣ ಭಾರತದ ಕಪ್ಪೆಗಳನ್ನು ವಿವರಿಸಿ ಬರೆದಿದ್ದು, ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ಅವರ ನೆನಪಿಗಾಗಿ ರಾವೋರ್ಕೆಸ್ಟಿಸ್ ಎಂಬ ಹೆಸರು ಬಂದಿದೆ. ಆದರೆ ಘಟ್ಟದ ಕಪ್ಪೆಗೆ ವರ್ಷದ ಬಹುಪಾಲು ಕಾಲ ತೇವ ದೊರೆಯುತ್ತದೆ. ತೇವವಿಲ್ಲದ ಎಂಟು ತಿಂಗಳನ್ನು ದಾಟಿ ಬದುಕುವ ಬಯಲುಸೀಮೆಯ ಕಪ್ಪೆಗಳ ಕೌಶಲ ಇದಕ್ಕಿಂತ ಕಡಿಮೆಯಾದುದಲ್ಲವಾದರೂ ಅದನ್ನು ಕುರಿತು ಬರೆದವರು ಕಡಿಮೆ, ಕೇಳಿದವರು ಇನ್ನೂ ಕಡಿಮೆ. ಆದ್ದರಿಂದ ಇಲ್ಲಿ ರಾಜ್ಯದ ಈಶಾನ್ಯ ಮೂಲೆಯಾದ ಬೀದರ ಜಿಲ್ಲೆಯ ಗೋರ್ಟಾ (ಬಿ), ಬಸವಕಲ್ಯಾಣ, ಹುಮನಾಬಾದ ಸೀಮೆಯಂತಹ ನೆಲದಲ್ಲಿ ಬದುಕುವ ಕಪ್ಪೆಗಳನ್ನೇ ಮುಖ್ಯವಾಗಿ ವಿವರಿಸಲಾಗಿದೆ.

ಈ ಸೀಮೆ ದಖ್ಖನ್ ಪ್ರಸ್ಥಭೂಮಿಯ ಭಾಗವಾಗಿದ್ದು, ಪುರಾತನ ಲಾವಾರಸ ಹರಿದು ಗಟ್ಟಿಯಾದ ಕಪ್ಪು ಬಂಡೆಯ ಮೇಲೆ ಕೆಲವೆಡೆ ಜಂಬಿಟ್ಟಿಗೆಯ ಕೆಂಪು ಹೊದಿಕೆಯೂ, ಕೆಲವೆಡೆ ಆಳವಾದ ಎರೆಮಣ್ಣೂ ಹರಡಿಕೊಂಡಿವೆ. ವರ್ಷದ ಮಳೆ 850 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಮೇ ತಿಂಗಳ ಬಿಸಿಲಿಗೆ ಎರೆಹೊಲಗಳು ಆಳವಾಗಿ ಬಿರಿಯುತ್ತವೆ, ಹಳ್ಳಗಳು ಬತ್ತುತ್ತವೆ, ಚುಳಕಿ ನಾಲಾ ಮತ್ತು ಕಾರಂಜಾ ಜಲಾಶಯಗಳಲ್ಲಿಯೂ ಬಸವಕಲ್ಯಾಣದ ತ್ರಿಪುರಾಂತ ಕೆರೆಯಂತಹ ಕೆಲವೇ ಕಡೆಗಳಲ್ಲಿಯೂ ನೀರು ಉಳಿಯುತ್ತದೆ. ತೊಗರಿ, ಸೋಯಾ, ಉದ್ದು, ಹೆಸರು ಬೆಳೆಯುವ ರೈತರು ಮಿರಗದ (ಮೃಗಶಿರ) ಮಳೆಗಾಗಿ ಆಕಾಶ ನೋಡುವ ಆ ದಿನಗಳಲ್ಲಿ, ಅವರ ಕಾಲಡಿಯ ಮಣ್ಣಿನಲ್ಲಿಯೂ ಅದೇ ಮಳೆಗಾಗಿ ಕಾದಿರುವ ಜೀವಗಳಿರುತ್ತವೆ.

ಕಪ್ಪೆಗೆ ಒಣನೆಲ ಏಕೆ ಇಷ್ಟು ಕಠಿಣ ಎಂಬುದು ಅದರ ಚರ್ಮದ ರಚನೆಯನ್ನು ಅರಿತರೆ ತಿಳಿಯುತ್ತದೆ. ಹಲ್ಲಿಗೆ ಹುರುಪೆ, ಹಕ್ಕಿಗೆ ಗರಿ, ಇಲಿಗೆ ರೋಮ ಇರುವಂತೆ ಕಪ್ಪೆಗೆ ಯಾವ ಹೊದಿಕೆಯೂ ಇಲ್ಲ. ಅದರ ಬರಿ ಚರ್ಮವು ಲೋಳೆಯಿಂದ ಸದಾ ಒದ್ದೆಯಾಗಿದ್ದು, ಶ್ವಾಸಕೋಶಗಳ ಜೊತೆಗೆ ಈ ಚರ್ಮದ ಮೂಲಕವೂ ಅದು ಆಮ್ಲಜನಕವನ್ನು ಪಡೆಯುತ್ತದೆ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ಒದ್ದೆ ನೆಲದ ಮೇಲೆ ಕುಳಿತು ಕಿಬ್ಬೊಟ್ಟೆಯ ಮತ್ತು ತೊಡೆಯ ತೆಳುಚರ್ಮದ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ನೀರನ್ನು ಒಳಗೆ ಬಿಡುವ ಚರ್ಮ ಬಿಸಿಲಿನಲ್ಲಿ ಅದನ್ನು ಅಷ್ಟೇ ಸುಲಭವಾಗಿ ಹೊರಗೂ ಬಿಟ್ಟುಬಿಡುವುದರಿಂದ, ತೆರೆದ ಬಯಲಿನಲ್ಲಿ ಮಧ್ಯಾಹ್ನದ ಹೊತ್ತು ಸಿಕ್ಕಿಬಿದ್ದ ಕಪ್ಪೆ ಸ್ವಲ್ಪ ಸಮಯದಲ್ಲಿಯೇ ಒಣಗಿ ಸಾಯುತ್ತದೆ. ಸಂತಾನಕ್ಕೂ ನೀರು ಬೇಕು, ಏಕೆಂದರೆ ಅದರ ಮೊಟ್ಟೆಗೆ ಚಿಪ್ಪಿಲ್ಲ. ಜೀವನದ ಒಂದು ಭಾಗವನ್ನು ನೀರಿನಲ್ಲಿಯೂ ಇನ್ನೊಂದು ಭಾಗವನ್ನು ನೆಲದ ಮೇಲೂ ಕಳೆಯುವ ಇಂತಹ ಪ್ರಾಣಿಗಳನ್ನು ಉಭಯವಾಸಿಗಳೆಂದು ಕರೆಯುತ್ತಾರೆ. ಜಗತ್ತಿನಲ್ಲಿ ಈವರೆಗೆ ಗುರುತಿಸಲಾದ 8,000ಕ್ಕೂ ಹೆಚ್ಚು ಜಾತಿಯ ಉಭಯವಾಸಿಗಳಲ್ಲಿ ಕಪ್ಪೆಗಳೇ 7,000ಕ್ಕೂ ಮಿಗಿಲಾಗಿವೆ. ಪಪುವಾ ನ್ಯೂಗಿನಿಯಲ್ಲಿ 2012ರಲ್ಲಿ ವರದಿಯಾದ, ಸರಾಸರಿ 7.7 ಮಿಲಿಮೀಟರ್ ಉದ್ದದ ಕಪ್ಪೆಯಿಂದ ಹಿಡಿದು ಆಫ್ರಿಕದ ಕ್ಯಾಮರೂನ್ ಸೀಮೆಯ, ಮೂರು ಕಿಲೋಗ್ರಾಮ್ ತೂಗಬಲ್ಲ ಗೋಲಿಯತ್ ಕಪ್ಪೆಯವರೆಗೆ ಅವುಗಳ ಗಾತ್ರ ಹಬ್ಬಿದೆ.

ಬಯಲುಸೀಮೆಯಲ್ಲಿ ಜಾತಿಗಳ ಸಂಖ್ಯೆ ಘಟ್ಟಕ್ಕೆ ಹೋಲಿಸಿದರೆ ಚಿಕ್ಕದು, ಆದರೆ ಬೇಸಿಗೆಯನ್ನು ಕಳೆಯುವ ವಿಧಾನ ಒಂದೊಂದಕ್ಕೆ ಒಂದೊಂದು ತೆರನಾಗಿದೆ, ಇಲ್ಲಿನ ವೈವಿಧ್ಯವನ್ನು ಅದರಲ್ಲಿಯೇ ಹುಡುಕಬೇಕು. ಇವುಗಳಲ್ಲಿ ಅತ್ಯಂತ ಪರಿಪೂರ್ಣವಾದ ವಿಧಾನ ಬಿಲಗಪ್ಪೆಗಳದು. ಸ್ಫೀರೋಥೀಕಾ ಎಂಬ ಕುಲದ ಬಿಲಗಪ್ಪೆಗಳು ಮತ್ತು ಬಲೂನು ಕಪ್ಪೆ ಎಂದು ಕರೆಯಲಾಗುವ ಯುಪೆರೊಡಾನ್ ಸಿಸ್ಟೋಮಾ ದಖ್ಖನ್ನಿನ ಒಣನೆಲದಲ್ಲಿ ವ್ಯಾಪಕವಾಗಿ ಹರಡಿವೆ. ಇವುಗಳ ಹಿಂಗಾಲಿನ ಪಾದದ ಅಡಿಯಲ್ಲಿ ಸಲಿಕೆಯಂತಹ ಗಟ್ಟಿಯಾದ ಉಬ್ಬು ಇದ್ದು, ಕಪ್ಪೆ ಎರಡೂ ಹಿಂಗಾಲುಗಳನ್ನು ಸರದಿಯಾಗಿ ಆಡಿಸುತ್ತ ಮಣ್ಣನ್ನು ಪಕ್ಕಕ್ಕೆ ತಳ್ಳಿ, ಮುಖ ಮೇಲಾಗಿಯೇ ಇರುವಂತೆ ಹಿಮ್ಮುಖವಾಗಿ ಕೆಳಕ್ಕೆ ಇಳಿಯುತ್ತದೆ, ಮೇಲಿನ ಸಡಿಲ ಮಣ್ಣು ತಾನಾಗಿಯೇ ಕುಸಿದು ಗುಂಡಿಯ ಬಾಯನ್ನು ಮುಚ್ಚಿಬಿಡುವುದರಿಂದ ಅಲ್ಲೊಂದು ಜೀವವಿದೆಯೆಂಬ ಗುರುತೇ ಉಳಿಯುವುದಿಲ್ಲ. ಬಲೂನು ಕಪ್ಪೆಯ ದೇಹ ದುಂಡಗೆ ಉಬ್ಬಿಕೊಂಡಿದ್ದು, ತಲೆ ಮತ್ತು ಬಾಯಿ ದೇಹಕ್ಕೆ ಹೋಲಿಸಿದರೆ ಬಹಳ ಚಿಕ್ಕವು. ವರ್ಷದ ಬಹುಕಾಲವನ್ನು ಅದು ಮಣ್ಣಿನೊಳಗೇ ಕಳೆಯುತ್ತದೆ.

ಬೇಸಿಗೆಯ ಬರವನ್ನು ಹೀಗೆ ನಿಶ್ಚಲವಾಗಿ ಕಳೆಯುವ ಸ್ಥಿತಿಗೆ ಗ್ರೀಷ್ಮನಿದ್ರೆ ಎಂದು ಹೆಸರು. ನಿದ್ರೆಯೆಂಬ ಪದ ಬಳಕೆಯಲ್ಲಿದ್ದರೂ ಒಳಗೆ ನಡೆಯುವ ವ್ಯವಹಾರ ಸಾಮಾನ್ಯ ನಿದ್ರೆಗಿಂತ ಬಹಳ ಆಳವಾದುದು. ಗ್ರೀಷ್ಮನಿದ್ರೆಯಲ್ಲಿರುವ ಕಪ್ಪೆಗಳಲ್ಲಿ ಉಸಿರಾಟವೂ ಹೃದಯಬಡಿತವೂ ನಿಧಾನಗೊಂಡು ಶಕ್ತಿಯ ಖರ್ಚು ಅತಿ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ದೇಹದಲ್ಲಿ ಶೇಖರಿಸಿಟ್ಟ ಕೊಬ್ಬು ಆಹಾರವಾಗುತ್ತದೆ, ಮೂತ್ರಕೋಶದಲ್ಲಿರುವ ತಿಳಿಯಾದ ನೀರು ಮತ್ತೆ ರಕ್ತಕ್ಕೆ ಹೀರಲ್ಪಡುತ್ತದೆ. ದೇಹದಲ್ಲಿ ಯೂರಿಯಾ ಎಂಬ ತ್ಯಾಜ್ಯವನ್ನು ಹೊರಹಾಕದೆ ಉಳಿಸಿಕೊಳ್ಳುವುದರಿಂದ ದೇಹದ ದ್ರವ ಸಾಂದ್ರಗೊಂಡು, ಸುತ್ತಲಿನ ಮಣ್ಣಿನಲ್ಲಿರುವ ಅಲ್ಪಸ್ವಲ್ಪ ತೇವವನ್ನೂ ಚರ್ಮ ತನ್ನೊಳಗೆ ಸೆಳೆದುಕೊಳ್ಳಲು ಸಾಧ್ಯವಾಗುತ್ತದೆ. ಆಸ್ಟ್ರೇಲಿಯದ ಮರಳುಗಾಡಿನ ನೀರುಹಿಡುಕ ಕಪ್ಪೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಳಚಿದ ಚರ್ಮದ ಪದರಗಳನ್ನೇ ಮೈಸುತ್ತ ಕೋಶವಾಗಿ ಮಾಡಿಕೊಂಡು ನೀರು ಆವಿಯಾಗದಂತೆ ತಡೆಯುತ್ತದೆ. ಉತ್ತರ ಅಮೆರಿಕದ ಕಾಡುಗಪ್ಪೆಯಲ್ಲಿ ಸಮಸ್ಯೆ ಬಿಸಿಲಿನ ಬದಲು ಹಿಮದ್ದಾಗಿದ್ದು, ದೇಹದ ನೀರಿನ ದೊಡ್ಡ ಭಾಗವೇ ಮಂಜುಗಡ್ಡೆಯಾಗಿ ಹೃದಯ ನಿಂತಿದ್ದರೂ, ಯಕೃತ್ತು ರಕ್ತಕ್ಕೆ ಸುರಿಸುವ ಸಕ್ಕರೆಯ ಅಂಶ ಜೀವಕೋಶಗಳನ್ನು ಕಾಪಾಡಿ ವಸಂತದಲ್ಲಿ ಅದು ಮತ್ತೆ ಚೇತರಿಸಿಕೊಳ್ಳುತ್ತದೆ.

ಮಣ್ಣಿನಡಿಯ ಕಪ್ಪೆಗೆ ಮಳೆಯ ಸುದ್ದಿ ತಲುಪುವುದು ತೇವ ಕೆಳಕ್ಕೆ ಇಳಿದಾಗ. ಬೇಸಿಗೆಯ ಕೊನೆಯ ಬಿರುಸಾದ ಮಳೆಗಳು ಬಂದು ಹೊಲದ ತಗ್ಗುಗಳಲ್ಲಿ, ಒಡ್ಡಿನ ಬದಿಯಲ್ಲಿ, ಕಲ್ಲು ತೆಗೆದ ಗುಂಡಿಗಳಲ್ಲಿ ನೀರು ನಿಂತ ರಾತ್ರಿಯೇ, ಅದುವರೆಗೆ ಕಾಣದಿದ್ದ ಕಪ್ಪೆಗಳು ಒಟ್ಟಿಗೆ ಮೇಲೆದ್ದು ಕೂಗತೊಡಗುತ್ತವೆ. ಕೂಗುವುದು ಬಹುಮಟ್ಟಿಗೆ ಗಂಡು. ಗಂಟಲಿನ ಕೆಳಗಿನ ಚರ್ಮದ ಚೀಲವನ್ನು ಗಾಳಿಯಿಂದ ಉಬ್ಬಿಸಿ ಅದು ಧ್ವನಿಯನ್ನು ಹಿಗ್ಗಿಸುತ್ತದೆ, ಪ್ರತಿಯೊಂದು ಜಾತಿಗೂ ತನ್ನದೇ ಆದ ಕೂಗು ಇರುವುದರಿಂದ ಕತ್ತಲೆಯಲ್ಲಿಯೂ ಹೆಣ್ಣು ತನ್ನ ಜಾತಿಯ ಗಂಡನ್ನು ತಪ್ಪದೆ ಗುರುತಿಸುತ್ತದೆ. ವರ್ಷದ ಕೆಲವೇ ರಾತ್ರಿಗಳಲ್ಲಿ ಎಲ್ಲ ಕಪ್ಪೆಗಳೂ ಒಂದೆಡೆ ಸೇರಿ ಮೊಟ್ಟೆಯಿಟ್ಟು ಮುಗಿಸುವ ಈ ಕ್ರಮವನ್ನು ಸ್ಫೋಟಕ ಸಂತಾನೋತ್ಪತ್ತಿ ಎನ್ನುತ್ತಾರೆ. ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತದಲ್ಲಿ, ವರ್ಷವಿಡೀ ಸದ್ದಿಲ್ಲದೆ ಮಲಗಿದ್ದು ಮಳೆಯೊಡನೆ ದನಿಯೆತ್ತುವ ಕಪ್ಪೆಗಳ ವರ್ಣನೆ ಬರುತ್ತದೆ. ಗ್ರೀಷ್ಮನಿದ್ರೆಯ ಇಷ್ಟು ನಿಖರವಾದ ಗಮನಿಕೆ ಅಷ್ಟು ಪ್ರಾಚೀನ ಕೃತಿಯಲ್ಲಿ ದೊರೆಯುವುದು ಆದರಕ್ಕೆ ಅರ್ಹವಾದ ಸಂಗತಿ. ಮಳೆ ತಡವಾದಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆಗಾಗಿ ಪೂಜಿಸುವ ಗುರ್ಜಿ ಎಂಬ ಮೂರ್ತಿಯನ್ನು ಹೊತ್ತು ಮನೆಮನೆಗೆ ತಿರುಗಿ ನೀರು ಹಾಕಿಸಿಕೊಳ್ಳುವ ಪದ್ಧತಿ ಇರುವಂತೆ, ನಾಡಿನ ಹಲವೆಡೆ ಕಪ್ಪೆಗಳಿಗೆ ಮದುವೆ ಮಾಡುವ ಆಚರಣೆಯೂ ಇದೆ, ಉಡುಪಿಯಲ್ಲಿ 2019ರ ಜೂನ್‌ನಲ್ಲಿ ನಡೆದ ಅಂತಹ ಮದುವೆ ದೇಶದ ಗಮನ ಸೆಳೆದಿತ್ತು. ಕಪ್ಪೆಯ ಕೂಗಿಗೂ ಮಳೆಗೂ ಇರುವ ನಂಟನ್ನು ಜನ ಕಂಡದ್ದು ಸರಿಯಾಗಿಯೇ ಇದೆ, ಯಾವುದರಿಂದ ಯಾವುದು ಎಂಬ ಕ್ರಮ ಮಾತ್ರ ಆಚರಣೆಯಲ್ಲಿ ತಿರುವುಮುರುವಾಗಿದೆ.

ಈ ಮಳೆಗಾಲದ ಸಮೂಹದಲ್ಲಿ ಎಲ್ಲಕ್ಕಿಂತ ದೊಡ್ಡದು ಗೂಳಿಗಪ್ಪೆ, ವಿಜ್ಞಾನದ ಹೆಸರಿನಲ್ಲಿ ಹೋಪ್ಲೊಬಟ್ರಾಕಸ್ ಟೈಗರಿನಸ್. ಹದಿನೈದು ಸೆಂಟಿಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲ ಇದು ಉಳಿದ ಕಾಲದಲ್ಲಿ ಹಸಿರು, ಕಂದು ಬಣ್ಣದಲ್ಲಿದ್ದು, ಕೂಡುವ ಕಾಲದಲ್ಲಿ ಗಂಡುಗಳು ಹೊಳೆಯುವ ಹಳದಿಗೆ ತಿರುಗುತ್ತವೆ ಮತ್ತು ಗಂಟಲಿನ ಎರಡೂ ಬದಿಯ ಚೀಲಗಳು ಕಡುನೀಲಿಯಾಗುತ್ತವೆ. ಅದರ ಆಹಾರಕ್ಕೆ ಮಿತಿ ಹಾಕುವುದು ಅದರ ಬಾಯಿಯ ಅಗಲವೊಂದೇ: ಮಿಡತೆ, ಜೀರುಂಡೆ, ಎರೆಹುಳು, ಏಡಿಗಳಿಂದ ಹಿಡಿದು ಇಲಿಮರಿ, ಹಲ್ಲಿ, ಸಣ್ಣ ಹಾವು, ಬೇರೆ ಕಪ್ಪೆಗಳವರೆಗೆ ಎಲ್ಲವನ್ನೂ ಅದು ನುಂಗುತ್ತದೆ. ಬಯಲಿನಲ್ಲಿ ಹದ್ದು, ಕೊಕ್ಕರೆ, ಕೇರೆಹಾವುಗಳ ನಡುವೆ ಸಮತೋಲದಲ್ಲಿರುವ ಈ ಪ್ರಾಣಿ, ಮನುಷ್ಯರ ಮೂಲಕ ಅಂಡಮಾನ್ ದ್ವೀಪಗಳನ್ನು ತಲುಪಿದ ಮೇಲೆ ಅಲ್ಲಿನ ಸಣ್ಣ ಪ್ರಾಣಿಗಳಿಗೆ ದೊಡ್ಡ ಕಂಟಕವಾಗಿ ಪರಿಣಮಿಸಿರುವುದು, ತನ್ನ ನೆಲದಲ್ಲಿ ಉಪಕಾರಿಯಾದ ಜೀವಿ ಪರನೆಲದಲ್ಲಿ ಹೇಗೆ ವಿನಾಶಕಾರಿಯಾಗಬಲ್ಲದೆಂಬುದಕ್ಕೆ ನಿದರ್ಶನವಾಗಿದೆ.

ಮಳೆಗಾಲದ ಗುಂಡಿಯಲ್ಲಿ ಮೊಟ್ಟೆಯೊಡೆದು ಬರುವ ಗೊದಮೊಟ್ಟೆಗಳ ಪಾಲಿಗೆ ಕಾಲವೇ ಮುಖ್ಯ ಶತ್ರು. ಹತ್ತು ದಿನ ಮಳೆ ಕೈಕೊಟ್ಟರೆ ಎರೆಹೊಲದ ತಗ್ಗು ಒಣಗಿಬಿಡಬಹುದು, ಅಷ್ಟರೊಳಗೆ ಕಿವಿರುಗಳು ಹೋಗಿ ಶ್ವಾಸಕೋಶ ಬೆಳೆಯಬೇಕು, ಕಾಲು ಮೂಡಬೇಕು, ಬಾಲ ಕರಗಬೇಕು. ಥೈರಾಯ್ಡ್ ಗ್ರಂಥಿಯ ರಸ ನಡೆಸುವ ಈ ಬದಲಾವಣೆಗೆ ರೂಪಾಂತರ ಎನ್ನುತ್ತಾರೆ. ನೀರು ಕುಗ್ಗುತ್ತಿರುವುದನ್ನು ಗ್ರಹಿಸಿ ಬೆಳವಣಿಗೆಯನ್ನು ಚುರುಕುಗೊಳಿಸಿ, ಗಾತ್ರದಲ್ಲಿ ಚಿಕ್ಕದಾಗಿಯೇ ಆದರೂ ಬೇಗ ಕಪ್ಪೆಯಾಗಿ ಹೊರಬೀಳುವ ಶಕ್ತಿ ಹಲವು ಜಾತಿಯ ಗೊದಮೊಟ್ಟೆಗಳಲ್ಲಿ ಕಂಡುಬಂದಿದೆ. ಇಷ್ಟು ಅಪಾಯವಿದ್ದರೂ ಬತ್ತಿಹೋಗುವ ಗುಂಡಿಯನ್ನೇ ಅವು ಆರಿಸಿಕೊಳ್ಳುವುದಕ್ಕೆ ಕಾರಣ ಸರಳವಾಗಿದೆ: ಬತ್ತುವ ನೀರಿನಲ್ಲಿ ಮೀನುಗಳಿರುವುದಿಲ್ಲ. ವರ್ಷವಿಡೀ ನೀರಿರುವ ಜಲಾಶಯ ಎಷ್ಟೇ ವಿಶಾಲವಾಗಿದ್ದರೂ ಬಿಲಗಪ್ಪೆಯ ಮರಿಗೆ ಅದು ಮೀನಿನ ಬಾಯಿಯೇ ಸರಿ, ಹೊಲದಂಚಿನ ಎರಡು ಮಾರು ಅಗಲದ ಕೆಸರುಗುಂಡಿ ಅದರ ನಿಜವಾದ ತೊಟ್ಟಿಲು.

ಆದರೂ ಮೀನಿಲ್ಲದ ಗುಂಡಿ ಪೂರ್ತಿ ನಿರಪಾಯಕಾರಿಯಲ್ಲ. ಬಹುತೇಕ ಗೊದಮೊಟ್ಟೆಗಳು ಪಾಚಿಯನ್ನು ಕೆರೆದು ತಿಂದು, ಕೊಳೆತ ಎಲೆಯ ಚೂರುಗಳಿಂದ ಹೊಟ್ಟೆ ಹೊರೆದರೆ, ಗೂಳಿಗಪ್ಪೆಯ ಗೊದಮೊಟ್ಟೆಗಳು ಮಾಂಸಾಹಾರಿಗಳಾಗಿದ್ದು ಪಕ್ಕದ ಜಾತಿಗಳ ಮರಿಗಳನ್ನೂ ಕೆಲವೊಮ್ಮೆ ತಮ್ಮದೇ ಜಾತಿಯ ಮರಿಗಳನ್ನೂ ಬೇಟೆಯಾಡುತ್ತವೆ. ಈ ಬೇಟೆಯನ್ನು ಅತ್ಯಂತ ಸೂಕ್ಷ್ಮವಾಗಿ ಪರಿಶೀಲಿಸಿದವರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಎಸ್. ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ವಿದ್ಯಾರ್ಥಿಗಳು ಪ್ರಮುಖರು. ಗೂಳಿಗಪ್ಪೆಯ ಗೊದಮೊಟ್ಟೆ ತನ್ನ ಬೇಟೆಯನ್ನು ಮುಖ್ಯವಾಗಿ ಕಣ್ಣಿನಿಂದ ಗುರುತಿಸುತ್ತದೆಂದೂ, ಬೇಟೆಗೆ ಗುರಿಯಾಗುವ ಬಿಲಗಪ್ಪೆ ಮತ್ತು ನೆಲಗಪ್ಪೆಯ ಗೊದಮೊಟ್ಟೆಗಳು ವೈರಿಯ ಇರವನ್ನು ನೀರಿನಲ್ಲಿ ಕರಗಿದ ರಾಸಾಯನಿಕ ವಾಸನೆಯಿಂದ ಅರಿಯುತ್ತವೆಂದೂ ಅವರ ಪ್ರಯೋಗಗಳು ತೋರಿಸಿದವು. ಕದಡಿದ ಎರೆನೀರಿನಲ್ಲಿ ಕಣ್ಣಿಗಿಂತ ವಾಸನೆ ಹೆಚ್ಚು ದೂರ ತಲುಪುತ್ತದೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ನೆಲಗಪ್ಪೆಯ ಮರಿಗಳು ಪರಸ್ಪರ ಗುರುತಿಸಿ ಒಟ್ಟುಗೂಡಿ ಈಜುತ್ತವೆಂಬುದನ್ನೂ ಅದೇ ವಿಭಾಗ ಸಾಬೀತುಪಡಿಸಿ ತೋರಿಸಿತು. ಕರ್ನಾಟಕದ ಹೊಲಗುಂಡಿಗಳ ಗೊದಮೊಟ್ಟೆಗಳ ಮೇಲೆ ಧಾರವಾಡದಲ್ಲಿ ನಡೆದ ಈ ಸಂಶೋಧನೆ ಜಗತ್ತಿನ ಪ್ರಾಣಿವರ್ತನಾ ಶಾಸ್ತ್ರದಲ್ಲಿ ಉಲ್ಲೇಖಗೊಳ್ಳುತ್ತಿದ್ದರೂ ಕನ್ನಡ ನಾಡಿನ ಶಾಲಾಪುಸ್ತಕಗಳಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಜಾಗ ಸಿಗಬೇಕಾಗಿದೆ.

ಪಾಚಿ ತಿನ್ನುತ್ತಿದ್ದ ಮರಿ ಕೀಟ ತಿನ್ನುವ ಕಪ್ಪೆಯಾಗುವಾಗ ಒಳಗಿನ ಅಂಗಗಳೂ ಹೊಸದಾಗಿ ರೂಪುಗೊಳ್ಳುತ್ತವೆ. ಸುರುಳಿ ಸುತ್ತಿದ ಉದ್ದನೆಯ ಕರುಳು ಕುಗ್ಗಿ ಮಾಂಸಾಹಾರಕ್ಕೆ ತಕ್ಕಂತೆ ಚಿಕ್ಕದಾಗುತ್ತದೆ, ಆ ಬದಲಾವಣೆಯ ಉತ್ಕಟ ಘಟ್ಟದಲ್ಲಿ ಮರಿ ಏನನ್ನೂ ತಿನ್ನಲಾರದೆ ಕರಗುತ್ತಿರುವ ಬಾಲದ ಸತ್ವದಿಂದಲೇ ಜೀವ ಹಿಡಿಯುತ್ತದೆ. ಬೆಳೆದ ಕಪ್ಪೆಯ ನಾಲಗೆಯ ಬುಡ ಬಾಯಿಯ ಮುಂಭಾಗದಲ್ಲಿ ಅಂಟಿಕೊಂಡಿದ್ದು ತುದಿ ಗಂಟಲಿನ ಕಡೆಗೆ ಮಡಚಿರುತ್ತದೆ. ಕೀಟ ಅಲುಗಾಡಿದೊಡನೆ ಅದು ಹೊರಕ್ಕೆ ಮಗುಚಿಕೊಂಡು ಬಡಿಯುತ್ತದೆ, ಬಡಿದ ಕ್ಷಣದಲ್ಲಿ ತೆಳುವಾಗುವ ಜೊಲ್ಲು ಕೀಟದ ಮೈಯ ಸಂದುಗಳಿಗೆ ಹರಿದು, ನಾಲಗೆ ಹಿಂದೆ ಸರಿಯುವಾಗ ಮತ್ತೆ ಅಂಟಾಗಿ ಅದನ್ನು ಬಿಗಿಹಿಡಿಯುತ್ತದೆ. ನುಂಗುವಾಗ ಕಪ್ಪೆ ಕಣ್ಣು ಮುಚ್ಚುವುದು ಕೂಡ ಕಾರಣವಿಲ್ಲದೆ ಅಲ್ಲ. ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು ಬಾಯಿಯ ಛಾವಣಿಯನ್ನು ಒತ್ತಿ ತುತ್ತನ್ನು ಗಂಟಲಿಗೆ ತಳ್ಳಲು ನೆರವಾಗುತ್ತವೆ. ಬಲೂನು ಕಪ್ಪೆ ಗೆದ್ದಲು ಮತ್ತು ಇರುವೆಗಳನ್ನೇ ಮುಖ್ಯವಾಗಿ ನೆಚ್ಚಿಕೊಂಡಿದ್ದರೆ, ದಕ್ಷಿಣ ಭಾರತದ ಕೆರೆಗಳ ಹಸಿರುಗಪ್ಪೆ ಬೆಳೆದ ಮೇಲೂ ನೀರಸಸ್ಯಗಳ ಎಲೆಯನ್ನು ಗಣನೀಯವಾಗಿ ತಿನ್ನುವ ಅಪರೂಪದ ಜಾತಿ, ಬ್ರೆಜಿಲ್ ದೇಶದಲ್ಲಿ ಹಣ್ಣು ತಿನ್ನುವ ಮರಗಪ್ಪೆಯೊಂದೂ ಇದೆ.

ಮಣ್ಣಿಗಿಳಿಯದೆ ಮನುಷ್ಯರ ನೆರೆಯಲ್ಲೇ ಬೇಸಿಗೆ ಕಳೆಯುವ ಕಪ್ಪೆಗಳೂ ಈ ಸೀಮೆಯಲ್ಲಿವೆ. ಮೈತುಂಬ ಗುಳ್ಳೆಗಳುಳ್ಳ ನೆಲಗಪ್ಪೆ ಹಗಲು ಕಲ್ಲುಸಂದಿಯಲ್ಲಿ, ಬಚ್ಚಲ ಮೂಲೆಯಲ್ಲಿ ಅಡಗಿದ್ದು ರಾತ್ರಿ ಬೀದಿದೀಪದ ಕೆಳಗೆ ಬೀಳುವ ಹುಳುಗಳನ್ನು ತಿನ್ನುತ್ತದೆ. ಅದರ ಒರಟು ಚರ್ಮದಿಂದ ನೀರಿನ ನಷ್ಟ ಕಡಿಮೆ, ಕಣ್ಣಿನ ಹಿಂದಿನ ಗ್ರಂಥಿಗಳಿಂದ ಒಸರುವ ವಿಷದ ಹಾಲು ಅದನ್ನು ಬಾಯಿಗೆ ಹಾಕಿಕೊಂಡ ನಾಯಿಗೆ ನೊರೆ ಬರಿಸುವುದಾದರೂ, ಅದನ್ನು ಮುಟ್ಟಿದವರಿಗೆ ಕಜ್ಜಿಯೋ ನರೂಲಿಯೋ ಬರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬೆರಳ ತುದಿಯಲ್ಲಿ ದುಂಡನೆಯ ಅಂಟುಬಿಲ್ಲೆಗಳಿರುವ ಮರಗಪ್ಪೆ ಹಳೆಯ ಮನೆಗಳ ಸುಣ್ಣದ ಗೋಡೆಯ ಮೇಲೆ, ನೀರಿನ ಹರವಿಯ ಹಿಂದೆ ಕೈಕಾಲು ಮಡಚಿ ಕುಳಿತು ಒಣದಿನಗಳನ್ನು ಕಳೆಯುತ್ತದೆ. ಮಳೆ ಬಂದಾಗ ನೀರಿನ ಮೇಲೆ ಚಾಚಿದ ಕೊಂಬೆಗೋ ತೊಟ್ಟಿಯ ಗೋಡೆಗೋ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ, ನೊರೆಯ ಹೊರಪದರ ಒಣಗಿ ಒಳಗಿನ ತೇವ ಉಳಿಯುತ್ತದೆ, ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ. ಬಾವಿ, ಕೆರೆಗಳಲ್ಲಿ ವರ್ಷವಿಡೀ ಕಾಣಸಿಗುವ, ಹೆಜ್ಜೆ ಸಪ್ಪಳಕ್ಕೆ ನೀರಿನ ಮೇಲ್ಮೈಯ ಮೇಲೆಯೇ ಜಿಗಿಜಿಗಿದು ದೂರ ಸರಿಯುವ ಯೂಫ್ಲಿಕ್ಟಿಸ್ ಕಪ್ಪೆಗೆ ಮಾತ್ರ ಗ್ರೀಷ್ಮನಿದ್ರೆಯ ಚಿಂತೆ ಹೆಚ್ಚಿಲ್ಲ.

ಕಪ್ಪೆಗಳ ಉಳಿವಿಗೆ ಮನುಷ್ಯರಿಂದ ಒದಗಿದ ಆಪತ್ತುಗಳಲ್ಲಿ ಒಂದನ್ನು ಭಾರತ ತಾನೇ ತಡೆದಿದೆ. ವಿದೇಶಗಳ ಊಟದ ಮೇಜಿಗೆ ಕಪ್ಪೆಯ ಕಾಲುಗಳನ್ನು ರಫ್ತು ಮಾಡುವ ವ್ಯಾಪಾರ 1980ರ ದಶಕದ ಆರಂಭದಲ್ಲಿ ವರ್ಷಕ್ಕೆ ಸಾವಿರಾರು ಟನ್ನುಗಳಿಗೆ ಮುಟ್ಟಿ, ಅದಕ್ಕಾಗಿ ಗೂಳಿಗಪ್ಪೆ ಮತ್ತು ಹಸಿರುಗಪ್ಪೆಗಳು ಗದ್ದೆ ಕೆರೆಗಳಿಂದ ಕೋಟಿಗಟ್ಟಲೆ ಹಿಡಿಯಲ್ಪಟ್ಟವು. 1985ರಲ್ಲಿ ಈ ಎರಡೂ ಜಾತಿಗಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟವು, 1987ರಲ್ಲಿ ಭಾರತ ರಫ್ತನ್ನೇ ನಿಷೇಧಿಸಿತು. ಜಗತ್ತಿನ ಇತರೆಡೆ ಉಭಯವಾಸಿಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ರೋಗಕಾರಕ, 2019ರ ಅಧ್ಯಯನವೊಂದರ ಪ್ರಕಾರ ಸುಮಾರು 500 ಜಾತಿಗಳ ಇಳಿಕೆಗೂ 90 ಜಾತಿಗಳ ಸಂಭವನೀಯ ಅಳಿವಿಗೂ ಕಾರಣವಾಗಿದೆ. 2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನ ಉಭಯವಾಸಿಗಳಲ್ಲಿ ಪ್ರತಿ ಐದರಲ್ಲಿ ಎರಡು ಜಾತಿ ಅಪಾಯದಲ್ಲಿವೆಯೆಂದು ಹೇಳಿದೆ.

ಬೀದರ ಸೀಮೆಯ ಬಯಲಿನಲ್ಲಿ ಅಪಾಯದ ಸ್ವರೂಪ ಬೇರೆ. ಮಳೆ ಬಿದ್ದ ವಾರಗಳಲ್ಲೇ, ಅಂದರೆ ಗೊದಮೊಟ್ಟೆಗಳು ನೀರಿನಲ್ಲಿರುವ ದಿನಗಳಲ್ಲೇ, ಸೋಯಾ ಹೊಲಗಳಿಗೆ ಕಳೆನಾಶಕವೂ ಅದರ ಬೆನ್ನಿಗೆ ಕೀಟನಾಶಕವೂ ಬೀಳುತ್ತವೆ, ಹೊಲದವರ ಮಾತಿನಲ್ಲಿ ಎಣ್ಣೆ ಹೊಡೆಯುವುದೆನ್ನುವ ಈ ಕೆಲಸದ ಶೇಷ ಮಳೆನೀರಿನೊಡನೆ ಹರಿದು ತಗ್ಗಿನ ಗುಂಡಿಗಳನ್ನೇ ಸೇರುತ್ತದೆ, ಚರ್ಮದಿಂದಲೇ ನೀರು ಹೀರುವ ಪ್ರಾಣಿಗೆ ಅದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಬಸವಕಲ್ಯಾಣ, ಹುಮನಾಬಾದಗಳ ಬಳಿ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಂತಹ ಅಗಲವಾದ ರಸ್ತೆಗಳು ಮಲಗುವ ನೆಲಕ್ಕೂ ಮೊಟ್ಟೆಯಿಡುವ ನೀರಿಗೂ ನಡುವೆ ಬಿದ್ದಿರುವುದರಿಂದ ಮೊದಲ ಮಳೆಯ ರಾತ್ರಿಗಳಲ್ಲಿ ದಾಟಲು ಹೊರಟ ಕಪ್ಪೆಗಳು ಗಾಲಿಗೆ ಸಿಗುತ್ತವೆ. ಹೊಲಗಳನ್ನು ಸಮತಟ್ಟು ಮಾಡುವಾಗ ಪಾಳುಗುಂಡಿಗಳು ಮುಚ್ಚಿಹೋಗುತ್ತವೆ, ಹಳೆಯ ಮೆಟ್ಟಿಲು ಬಾವಿಗಳು ಕಸದಿಂದ ತುಂಬುತ್ತವೆ. ಕರ್ನಾಟಕದಲ್ಲಿ 2014ರಿಂದ ಕೃಷಿಭಾಗ್ಯ ಯೋಜನೆಯಡಿ ತೋಡಿದ ಕೃಷಿಹೊಂಡಗಳು ಒಣಬೇಸಾಯದ ರೈತರಿಗೆ ನೀರಿನ ಆಸರೆಯಾಗಿರುವುದು ನಿಜ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹೊದಿಕೆಯ ಕಡಿದಾದ ನುಣುಪು ಬದಿಯನ್ನು ಬಿಲಗಪ್ಪೆಯಂತಹ ಅಂಟುಬೆರಳಿಲ್ಲದ ಜಾತಿ ಹತ್ತಲಾರದು, ಒಳಗೆ ಬಿದ್ದ ಕಪ್ಪೆಯೂ ಅಲ್ಲೇ ಕಾಲು ಮೂಡಿದ ಮರಿಯೂ ಹೊರಬರಲಾಗದೆ ಸಾಯುವ ಸಂಭವವಿದೆ. ಹೊಂಡದ ಒಂದು ಮೂಲೆಯಲ್ಲಿ ದಂಡೆಗೆ ಕಟ್ಟಿದ ಗೋಣಿತಟ್ಟನ್ನೋ ತೆಂಗಿನ ನಾರಿನ ಹಗ್ಗದ ಬಲೆಯನ್ನೋ ನೀರಿನವರೆಗೆ ಇಳಿಬಿಟ್ಟರೆ ಅವುಗಳಿಗೆ ಹತ್ತಿ ಬರಲು ಹಿಡಿತ ಸಿಗುತ್ತದೆ, ಹೊಂಡದ ನೀರಿಗಾಗಲಿ ಹೊದಿಕೆಗಾಗಲಿ ಅದರಿಂದ ಹಾನಿಯಿಲ್ಲ.